ಪಂಪ್ ಸ್ಟೌಗಳು ಮತ್ತು ಪ್ರವಾಸದ ಒಲೆಗಳು

ಸೀಮೆಎಣ್ಣೆ, ಪೆಟ್ರೋಲು ಅಥವಾ ಸ್ಪಿರಿಟ್ಟನ್ನು ಉರಿಸುವ, ಹೊತ್ತು ಒಯ್ಯಬಹುದಾದ ಲೋಹದ ಒಲೆಗಳು. ಯೂರೋಪು, ಅಮೆರಿಕಗಳಲ್ಲಿ ಇವು ಬೆಟ್ಟ ಹತ್ತುವವರ, ಸೈನಿಕರ, ಧ್ರುವಯಾತ್ರಿಗಳ ಸಾಮಾನೆಂದು ಹೆಸರಾದವು. ಹಳೆಯ ಮಾದರಿಗಳನ್ನು ಹುಡುಕಿ ತಂದು, ರಿಪೇರಿ ಮಾಡಿ, ಒಂದರ ಪಕ್ಕ ಒಂದನ್ನಿಟ್ಟು ಹೋಲಿಸುವ ಹವ್ಯಾಸವೂ ಅಲ್ಲಿ ಬೇರೂರಿದೆ. ಕರ್ನಾಟಕದಲ್ಲಿ ಇದೇ ಯಂತ್ರ ನೇರವಾಗಿ ಅಡುಗೆಮನೆಗೆ ಬಂದು ಪಂಪ್ ಸ್ಟೌ ಆಯಿತು. ಹಾಗಾಗಿ ಇಲ್ಲಿಯ ಸಂಗ್ರಾಹಕನಿಗೆ ಮೊದಲು ಸಿಗುವ ವಸ್ತು ಯಾವ ಸಾಹಸಯಾತ್ರೆಯದೂ ಅಲ್ಲ, ಯಾರದೋ ಮನೆಯಲ್ಲಿ ಕಾಫಿ ಕಾಯಿಸಿ ಕಾಯಿಸಿ ಅಟ್ಟ ಸೇರಿದ ಹಿತ್ತಾಳೆಯ ಸ್ಟೌ. ಇವುಗಳ ಗುಣದೋಷ ಅಳೆಯುವಾಗ ಆ ಹಿನ್ನೆಲೆಯನ್ನು ಬಿಟ್ಟು ಹೊರದೇಶದ ಪಟ್ಟಿಗಳನ್ನೇ ನೆಚ್ಚಿಕೊಂಡರೆ ತೀರ್ಮಾನ ತಪ್ಪುತ್ತದೆ.

ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ದಾರಿಯಲ್ಲಿರುವ ಮಂಚೇನಹಳ್ಳಿಯನ್ನೇ ತೆಗೆದುಕೊಳ್ಳಬಹುದು. ಬಹುಕಾಲ ಗೌರಿಬಿದನೂರು ತಾಲೂಕಿನ ಹೋಬಳಿಯಾಗಿದ್ದ ಈ ಊರು ಈಚೆಗೆ ತಾಲೂಕು ಕೇಂದ್ರವಾಗಿದೆ. ಸುತ್ತಲಿನ ಹಳ್ಳಿಗಳಲ್ಲಿ ದೊಡ್ಡ ಅಡುಗೆಗೆ ಸೌದೆ ಒಲೆಯೇ ನಡೆಯುತ್ತಿತ್ತು. ನೀಲಗಿರಿ ತೋಪುಗಳ ಕಟ್ಟಿಗೆ ಇತ್ತು. ರೇಷ್ಮೆ ಬೆಳೆಯುವ ಮನೆಗಳಲ್ಲಿ ಹುಳುವಿಗೆ ಸೊಪ್ಪು ಹಾಕಿ ಉಳಿದ ಹಿಪ್ಪುನೇರಳೆ ಕಡ್ಡಿ ಹಿತ್ತಿಲ ತುಂಬ ಒಣಗುತ್ತಿತ್ತು. ಸ್ಟೌ ಬೇಕಾಗುತ್ತಿದ್ದದ್ದು ಅವಸರದ ಕೆಲಸಕ್ಕೆ: ನೆಂಟರು ಬಂದಾಗ ಕಾಫಿ, ಮಗುವಿಗೆ ಹಾಲು, ಮಳೆಗಾಲದಲ್ಲಿ ಸೌದೆ ನೆನೆದ ದಿನದ ಸಾರು. ವರ್ಗವಾಗಿ ಬಂದ ಮೇಷ್ಟ್ರು, ಬ್ಯಾಂಕಿನವರು, ಶಿಡ್ಲಘಟ್ಟ ಚಿಂತಾಮಣಿಗಳಲ್ಲಿ ರೂಮು ಮಾಡಿಕೊಂಡು ಓದುವ ಹುಡುಗರು ಮಾತ್ರ ಪೂರ್ತಿ ಸ್ಟೌ ಮೇಲೆಯೇ ಬಾಳಿದರು. ಟ್ರಂಕು, ಹಾಸಿಗೆ, ಸ್ಟೌ ಇಷ್ಟೇ ಅವರ ಸಂಸಾರ. ಪ್ರವಾಸದ ಒಲೆ ಎಂಬ ಮಾತಿಗೆ ಈ ಸೀಮೆಯಲ್ಲಿ ಅವರಿಗಿಂತ ತಕ್ಕ ವಾರಸುದಾರರಿಲ್ಲ.

ಕೆಲಸ ಮಾಡುವ ಬಗೆ

ಬತ್ತಿ ಸ್ಟೌನಲ್ಲಿ ಎಣ್ಣೆ ಬತ್ತಿಯ ಮೂಲಕ ತಾನಾಗಿ ಮೇಲೇರಿ ಉರಿಯುತ್ತದೆ. ಪಂಪ್ ಸ್ಟೌನಲ್ಲಿ ಅದನ್ನು ಗಾಳಿಯ ಒತ್ತಡ ಮೇಲಕ್ಕೆ ತಳ್ಳುತ್ತದೆ. ಟ್ಯಾಂಕಿಗೆ ಮುಕ್ಕಾಲು ಭಾಗದಷ್ಟು ಎಣ್ಣೆ ಹಾಕಿ, ಪಂಪು ಹೊಡೆದಾಗ ಒಳಗಿನ ಗಾಳಿ ಎಣ್ಣೆಯನ್ನು ನಡುವಿನ ಕೊಳವೆಯಲ್ಲಿ ಬರ್ನರಿಗೆ ಏರಿಸುತ್ತದೆ. ಬರ್ನರು ಮೊದಲೇ ಕಾದಿದ್ದರೆ ಎಣ್ಣೆ ಅಲ್ಲೇ ಆವಿಯಾಗಿ ನಿಪ್ಪಲ್ಲಿನ ತೂತಿನಿಂದ ರಭಸವಾಗಿ ಚಿಮ್ಮುತ್ತದೆ, ಸುತ್ತಲಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ನೀಲಿಯಾಗಿ ಉರಿಯುತ್ತದೆ. ಆ ತೂತಿನ ಅಗಲ ಹೆಚ್ಚುಕಡಿಮೆ ಮಿಲಿಮೀಟರಿನ ಮೂರನೆಯ ಒಂದು ಭಾಗ. ಇಡೀ ಯಂತ್ರದ ಮಾನ ಅಲ್ಲಿ ನಿಂತಿದೆ. ಒಂದು ಕಣ ಮಸಿ ಸಿಕ್ಕಿದರೂ ಉರಿ ಒಂದು ಕಡೆಗೆ ವಾಲುತ್ತದೆ. ಅದಕ್ಕೆಂದೇ ತಗಡಿನ ಪಟ್ಟಿಯ ತುದಿಗೆ ಕೂದಲೆಳೆಯ ತಂತಿ ಸಿಗಿಸಿದ ಸ್ಟೌ ಪಿನ್ನು ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತಿತ್ತು. ತಂತಿ ತೂತಿನೊಳಗೇ ಮುರಿದುಕೊಂಡಿತೆಂದರೆ ಅವತ್ತಿನ ಅಡುಗೆ ಮುಗಿದ ಹಾಗೆ.

ಸೀಮೆಎಣ್ಣೆ ಸುಮಾರು 150ರಿಂದ 300 ಡಿಗ್ರಿ ಸೆಲ್ಸಿಯಸ್ ನಡುವೆ ಕುದಿಯುವ ಹಲವು ಹೈಡ್ರೋಕಾರ್ಬನ್ನುಗಳ ಮಿಶ್ರಣ. ಆದ್ದರಿಂದ ಬರ್ನರನ್ನು ಮೊದಲೇ ಕಾಯಿಸದೆ ಗತಿಯಿಲ್ಲ. ಬರ್ನರಿನ ಕೆಳಗಿನ ಪುಟ್ಟ ಬಟ್ಟಲಿಗೆ ಸ್ಪಿರಿಟ್ ಸುರಿದು ಹಚ್ಚಬೇಕೆಂಬುದು ತಯಾರಕರ ಕ್ರಮ. ನಮ್ಮ ಮನೆಗಳಲ್ಲಿ ಸ್ಪಿರಿಟ್ಟಿಗೆ ಯಾರೂ ಹೋಗಲಿಲ್ಲ. ತಂತಿಗೆ ಬಟ್ಟೆ ಸುತ್ತಿ ಸೀಮೆಎಣ್ಣೆಯಲ್ಲಿ ಅದ್ದಿ ಬರ್ನರಿಗೆ ಸಿಕ್ಕಿಸಿ ಹಚ್ಚುತ್ತಿದ್ದರು. ಗೋಡೆಗೆ ಮಸಿ ಹಿಡಿಯುತ್ತಿದ್ದದ್ದು ಹೆಚ್ಚಾಗಿ ಈ ಹೊತ್ತಿನಲ್ಲೇ. ಬರ್ನರು ಸಾಕಷ್ಟು ಕಾಯುವ ಮುನ್ನ ಅವಸರಪಟ್ಟು ಪಂಪು ಹೊಡೆದರೆ ಹಸಿ ಎಣ್ಣೆಯೇ ಚಿಮ್ಮಿ ಹಳದಿ ಜ್ವಾಲೆ ಮೇಲೇಳುತ್ತದೆ. ಆಗ ಮಾಡಬೇಕಾದ್ದು ಒಂದೇ, ಗಾಳಿ ಬಿಡುವ ಸ್ಕ್ರೂವನ್ನು ಸಡಿಲಿಸುವುದು. ಒತ್ತಡ ಇಳಿದೊಡನೆ ಉರಿಯೂ ಇಳಿಯುತ್ತದೆ.

ಬರ್ನರುಗಳಲ್ಲಿ ಎರಡು ಜಾತಿ. ಆವಿ ನೇರವಾಗಿ ಮೇಲಿನ ಬಿಲ್ಲೆಗೆ ಬಡಿದು ಹರಡುವುದು ಸದ್ದಿನ ಬರ್ನರು. ತೂತುಗಳಿರುವ ಟೋಪಿಯೊಳಗೆ ಹಾದು ಸಣ್ಣ ಸಣ್ಣ ಜ್ವಾಲೆಗಳಾಗಿ ಹೊರಬರುವುದು ಸದ್ದಿಲ್ಲದ ಬರ್ನರು. ಮೊದಲನೆಯದು ಗಾಳಿಗೆ ಜಗ್ಗುವುದಿಲ್ಲ, ಬಿಡಿಭಾಗಗಳೂ ಕಡಿಮೆ. ಎರಡನೆಯದನ್ನು ಸಣ್ಣ ಉರಿಗೆ ಇಳಿಸುವುದು ಸುಲಭ. ಪಂಪ್ ಸ್ಟೌ ಎಂದೊಡನೆ ಹಳಬರ ಕಿವಿಯಲ್ಲಿ ಏಳುವ ಭರ್ರೆಂಬ ಸದ್ದು ಮೊದಲನೆಯದರದು.

ಹುಟ್ಟು ಮತ್ತು ಹರಡಿಕೆ

ಈ ಯಂತ್ರದ ಮೂಲ ಬೆಸುಗೆಯವರ ಊದುದೀಪ. ಸ್ವೀಡನ್ನಿನ ಕಾರ್ಲ್ ರಿಚರ್ಡ್ ನ್ಯೂಬರ್ಗ್ 1882ರ ಹೊತ್ತಿಗೆ ಇಂಧನವನ್ನು ಆವಿಯಾಗಿಸಿ ಉರಿಸುವ ಊದುದೀಪವನ್ನು ರೂಪಿಸಿದ್ದ. ಸ್ಟಾಕ್‌ಹೋಮಿನ ಮೆಕ್ಯಾನಿಕ್ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಅದೇ ತತ್ವವನ್ನು ಅಡುಗೆಗೆ ತಿರುಗಿಸಿ 1892ರಲ್ಲಿ ಮಸಿ ಹಿಡಿಯದ ಸೀಮೆಎಣ್ಣೆ ಸ್ಟೌವನ್ನು ಸಿದ್ಧಪಡಿಸಿದ. ಅದರ ಹೆಸರು ಪ್ರೈಮಸ್. ಬಿ. ಎ. ಯೋರ್ಥ್ ಕಂಪನಿ ಅದನ್ನು ಲೋಕಕ್ಕೆಲ್ಲ ಮಾರಿತು. ಧ್ರುವಯಾತ್ರಿಗಳಲ್ಲಿ ನಾನ್ಸೆನ್ ಉತ್ತರಧ್ರುವದ ಕಡೆಗೆ, ಅಮುಂಡ್‌ಸೆನ್ 1911ರಲ್ಲಿ ದಕ್ಷಿಣಧ್ರುವಕ್ಕೆ ಪ್ರೈಮಸ್ ಒಯ್ದರು. 1953ರ ಎವರೆಸ್ಟ್ ಯಾತ್ರೆಯಲ್ಲೂ ಅದಿತ್ತು. ಹಿಮದ ನಾಡಿನಲ್ಲಿ ಒಲೆ ಅಡುಗೆಗಿಂತ ಮೊದಲು ಕುಡಿಯುವ ನೀರಿಗೆ ಬೇಕು. ಹಿಮ ಕರಗಿಸದೆ ಅಲ್ಲಿ ನೀರೇ ಇಲ್ಲ.

ಪ್ರೈಮಸ್ಸಿನ ಗೆಲುವು ಕಂಡು ಸ್ವೀಡನ್ನಿನಲ್ಲೇ ಆಪ್ಟಿಮಸ್, ರೇಡಿಯಸ್, ಸ್ವೀಯ ಎಂದು ಒಂದರ ಹಿಂದೊಂದು ಹುಟ್ಟಿಕೊಂಡವು. ಕೊನೆಗೆ 1962ರಲ್ಲಿ ಪ್ರೈಮಸ್ಸಿನ ದ್ರವ ಇಂಧನದ ವಿಭಾಗವನ್ನು ಆಪ್ಟಿಮಸ್ ಕೊಂಡುಕೊಂಡಿತು. ಅತ್ತ ಅಮೆರಿಕದ ಕಾನ್ಸಸ್ ರಾಜ್ಯದ ವಿಚಿಟಾದಲ್ಲಿ ದೀಪ ತಯಾರಿಸುತ್ತಿದ್ದ ಕೋಲ್‌ಮನ್ ಕಂಪನಿಗೆ 1942ರಲ್ಲಿ ಸೈನ್ಯದ ಬೇಡಿಕೆ ಬಂತು. ಸಣ್ಣದಾಗಿರಬೇಕು, ಕೊರೆಯುವ ಚಳಿಯಲ್ಲೂ ಮರುಭೂಮಿಯ ಸೆಕೆಯಲ್ಲೂ ಹೊತ್ತಬೇಕು, ಸಿಕ್ಕಿದ ಇಂಧನ ಉರಿಸಬೇಕು ಎಂಬುದು ಷರತ್ತು. ಹಾಗೆ ಬಂದ 520ನೇ ನಂಬರಿನ ಜೇಬು ಸ್ಟೌವನ್ನು ಯುದ್ಧ ವರದಿಗಾರ ಅರ್ನಿ ಪೈಲ್ ಜೀಪಿನ ಸಾಲಿಗೆ ಸೇರಿಸಿ ಹೊಗಳಿದ್ದುಂಟು.

ಭಾರತಕ್ಕೆ ಪಂಪ್ ಸ್ಟೌ ಬಂದದ್ದು ಸೀಮೆಎಣ್ಣೆಯ ಬೆನ್ನಲ್ಲೇ. ಬರ್ಮಾ ಶೆಲ್‌ನಂಥ ಕಂಪನಿಗಳು ಡಬ್ಬಗಳಲ್ಲಿ ಎಣ್ಣೆ ಮಾರುತ್ತಿದ್ದವು. ಖಾಲಿಯಾದ ಡಬ್ಬ ನೀರು ಸೇದಲಿಕ್ಕೂ ರಾಗಿ ತುಂಬಲಿಕ್ಕೂ ಆಯಿತು. ಮೊದಮೊದಲು ಸ್ಟೌಗಳು ಸ್ವೀಡನ್ನಿನಿಂದ ಬಂದವು, ಆಮೇಲೆ ಅದೇ ಅಚ್ಚಿನ ದೇಶೀ ಸ್ಟೌಗಳು ಪಾತ್ರೆ ಅಂಗಡಿ ತುಂಬಿದವು. ಪೆಟ್ರೋಮ್ಯಾಕ್ಸ್ ದೀಪವೂ ಇದೇ ಬಳಗದ್ದು. ಅದರಲ್ಲೂ ಟ್ಯಾಂಕಿ, ಪಂಪು, ನಿಪ್ಪಲ್ಲು ಇವೆ. ಆವಿ ಮಾತ್ರ ಮ್ಯಾಂಟಲ್ಲಿನೊಳಗೆ ಉರಿದು ಬೆಳಕಾಗುತ್ತದೆ. ಮದುವೆ ಮೆರವಣಿಗೆಗೂ ರಾತ್ರಿಯ ಕೇಳಿಕೆಗೂ ದೀಪ ಬಾಡಿಗೆಗೆ ಕೊಡುತ್ತಿದ್ದವರ ಬಳಿಯೇ ಸ್ಟೌ ರಿಪೇರಿಯೂ ಆಗುತ್ತಿತ್ತು.

ಮಾದರಿಗಳ ಹೋಲಿಕೆ

ಪ್ರೈಮಸ್ ಒಂದನೇ ನಂಬರು ಎಲ್ಲಕ್ಕೂ ಹಿರಿಯಣ್ಣ. ಸುಮಾರು ಒಂದು ಲೀಟರ್ ಹಿಡಿಯುವ ದುಂಡು ಟ್ಯಾಂಕಿ, ಮೂರು ಕಾಲು, ಮೇಲೊಂದು ಬಳೆ. ನಮ್ಮ ಮನೆಗಳ ಪಂಪ್ ಸ್ಟೌ ಇದರ ನೇರ ಸಂತತಿ. ಬೆಟ್ಟಕ್ಕೆ ಒಯ್ಯಲು ಇದು ಅನುಕೂಲವಲ್ಲ, ಕಾಲುಗಳನ್ನು ಬಿಚ್ಚಿದರೂ ಗಾತ್ರ ಕುಗ್ಗುವುದಿಲ್ಲ. ಅದಕ್ಕಾಗಿ ಕಾಲು ಬರ್ನರುಗಳನ್ನು ಬಿಚ್ಚಿ ತಗಡಿನ ಪೆಟ್ಟಿಗೆಯಲ್ಲಿ ಅಡಕವಾಗಿ ಇಡಬಹುದಾದ 96ನೇ ನಂಬರಿನ ಪ್ರೈಮಸ್ ಬಂತು. ಆಪ್ಟಿಮಸ್ 00 ಅದಕ್ಕಿಂತ ದೊಡ್ಡದು. ಇವೆರಡೂ ಸೀಮೆಎಣ್ಣೆಯವು, ಪಂಪು ಉಳ್ಳವು.

ಸ್ವೀಯ 123 ಇನ್ನೊಂದು ತರಹ. 1955ರಲ್ಲಿ ಮಾರುಕಟ್ಟೆಗೆ ಬಂದ ಇದು ಪೆಟ್ರೋಲಿನದು; ಪಂಪೇ ಇಲ್ಲ. ಟ್ಯಾಂಕಿಯ ನೆತ್ತಿಯ ಕುಳಿಯಲ್ಲಿ ಒಂದಿಷ್ಟು ಇಂಧನ ಸುರಿದು ಹಚ್ಚಿದರೆ ಟ್ಯಾಂಕಿ ಬೆಚ್ಚಗಾಗಿ ಒಳಗೆ ತಾನಾಗಿ ಒತ್ತಡ ಹುಟ್ಟುತ್ತದೆ. ಹಿತ್ತಾಳೆಯ ಮೈ, ಸುತ್ತ ಗಾಳಿತಡೆ, ಮುಚ್ಚಳವೇ ಬಟ್ಟಲು, ಸರಪಳಿಗೆ ನೇತುಬಿಟ್ಟ ಕೀಲಿ, ಸುಮಾರು ಅರ್ಧ ಕಿಲೋ ತೂಕ. ಕಣ್ಣಿಗೆ ಇದಕ್ಕಿಂತ ಚೆಲುವಾದ ಒಲೆ ಯಾರೂ ಮಾಡಿಲ್ಲ. ಸಂಗ್ರಾಹಕರು ಮೊದಲು ಬಯಸುವುದೂ ಇದನ್ನೇ. ಆಪ್ಟಿಮಸ್ 8ಆರ್ ಅದೇ ತತ್ವವನ್ನು ಮಡಚುವ ಉಕ್ಕಿನ ಪೆಟ್ಟಿಗೆಯಲ್ಲಿ ಅಡಗಿಸಿತು. ಆಪ್ಟಿಮಸ್ಸಿನದೇ 111ನೇ ನಂಬರಿನದು ಪೆಟ್ಟಿಗೆಯ ಒಲೆಯೇ ಆದರೂ ಅದಕ್ಕೆ ಪಂಪಿದೆ. ತೂಕ ಹೆಚ್ಚು, ಉರಿಯೂ ಹೆಚ್ಚು. ಆಸ್ಟ್ರಿಯದ ಫೀಬಸ್ 625 ಹಿಮಾಲಯದ ಯಾತ್ರೆಗಳಲ್ಲಿ ಬಹಳ ಓಡಾಡಿತು. ಸೋವಿಯತ್ ದೇಶದ ಶ್ಮೆಲ್ ಅದನ್ನೇ ಹೋಲುವ, ಒರಟಾದ, ಗಟ್ಟಿಮುಟ್ಟಾದ ಒಲೆ. 1973ರಲ್ಲಿ ಸಿಯಾಟಲಿನ ಲ್ಯಾರಿ ಪೆನ್‌ಬರ್ತಿ ಇಂಧನದ ಬಾಟಲಿಯನ್ನೇ ಟ್ಯಾಂಕಿಯಾಗಿಸಿ, ಕೊಳವೆಯಿಂದ ದೂರದ ಬರ್ನರಿಗೆ ಜೋಡಿಸಿದ ಮೇಲೆ ಹಿತ್ತಾಳೆ ಒಲೆಗಳ ಕಾಲ ಇಳಿಮುಖವಾಯಿತು.

ಹೊರದೇಶದ ಹೋಲಿಕೆಗಳು ಒಂದು ಲೀಟರ್ ನೀರು ಎಷ್ಟು ನಿಮಿಷದಲ್ಲಿ ಕುದಿಯುತ್ತದೆ ಎಂಬ ಲೆಕ್ಕದ ಮೇಲೆ ನಿಂತಿವೆ. ಚಹಾ ಕಾಯಿಸುವವನಿಗೆ ಅದು ಸಾಕು. ಬಯಲುಸೀಮೆಯ ಊಟಕ್ಕೆ ಸಾಲದು. ಇಲ್ಲಿ ಒಲೆಗೆ ನಿಜವಾದ ಪರೀಕ್ಷೆ ರಾಗಿಮುದ್ದೆ. ಎಸರು ಮರಳಿಸುವಾಗ ಜೋರು ಉರಿ ಬೇಕು. ಹಿಟ್ಟು ಹಾಕಿದ ಮೇಲೆ ಉರಿ ಇಳಿದು ಬೇಯಲು ಬಿಡಬೇಕು. ಆಮೇಲೆ ಕೋಲು ಹಾಕಿ ಗಂಟಿಲ್ಲದಂತೆ ತೊಳಸುವಾಗ ಪಾತ್ರೆ ಕದಲಬಾರದು. ಸ್ವೀಯ ಮೊದಲನೆಯದರಲ್ಲಿ ಗೆದ್ದು ಮೂರನೆಯದರಲ್ಲಿ ಸೋಲುತ್ತದೆ. ಅದರ ಮೇಲಿನ ಮೂರು ಪುಟ್ಟ ಕೊಂಬುಗಳ ಮೇಲೆ ಮುದ್ದೆ ತೊಳಸಲು ಹೋದರೆ ಪಾತ್ರೆ ಒಲೆ ಎರಡೂ ಮಗುಚುತ್ತವೆ. ಒಂದನೇ ನಂಬರಿನ ಸದ್ದಿನ ಬರ್ನರು ಎಸರನ್ನು ಕ್ಷಣದಲ್ಲಿ ಮರಳಿಸುತ್ತದೆ, ಆದರೆ ಸಣ್ಣ ಉರಿಗೆ ಒಲ್ಲೆನ್ನುತ್ತದೆ. ಗಾಳಿ ಬಿಟ್ಟು ಬಿಟ್ಟು ಇಳಿಸಬೇಕು, ತೀರ ಇಳಿಸಿದರೆ ಬರ್ನರು ತಣಿದು ಹೊಗೆಯೇಳುತ್ತದೆ. ಸದ್ದಿಲ್ಲದ ಬರ್ನರಿರುವ ಅಗಲ ತಳದ ಸೀಮೆಎಣ್ಣೆ ಸ್ಟೌ ಮೂರಕ್ಕೂ ಒಗ್ಗುತ್ತದೆ. ಪೆಟ್ಟಿಗೆಯ ಒಲೆಗಳಲ್ಲಿ 111 ತಗ್ಗಾಗಿ, ಅಗಲವಾಗಿ ಕೂರುವುದರಿಂದ ಅದೂ ಪರವಾಗಿಲ್ಲ. ಮುದ್ದೆ ಇಳಿಸಿ ತೊಳಸಬಹುದಲ್ಲ ಎಂದು ಕೇಳುವವರುಂಟು. ಇಳಿಸಿ ತೊಳಸಿದ ಮುದ್ದೆ ಉಂಡವರು ಹಾಗೆ ಕೇಳುವುದಿಲ್ಲ.

ಇಂಧನದ ಮಾತು ಬಂದರೂ ತೀರ್ಪು ಸೀಮೆಎಣ್ಣೆಯ ಕಡೆಗೇ. ಪೆಟ್ರೋಲು ಸೊನ್ನೆಗಿಂತ ಎಷ್ಟೋ ಕೆಳಗಿನ ಉಷ್ಣತೆಯಲ್ಲೂ ಕಿಡಿ ತಾಕಿದರೆ ಹೊತ್ತುವಷ್ಟು ಆವಿ ಬಿಡುತ್ತದೆ. ಭಾರತದ ಸೀಮೆಎಣ್ಣೆ ಹಾಗೆ ಆವಿ ಬಿಡತೊಡಗುವ ಉಷ್ಣತೆ ಕನಿಷ್ಠ 35 ಡಿಗ್ರಿ ಇರಬೇಕೆಂಬ ನಿಯಮವಿದೆ. ಚೆಲ್ಲಿದ ಸೀಮೆಎಣ್ಣೆ ಒರೆಸಿಕೊಳ್ಳಲು ಸಮಯ ಕೊಡುತ್ತದೆ, ಚೆಲ್ಲಿದ ಪೆಟ್ರೋಲು ಕೊಡುವುದಿಲ್ಲ. ಪಂಪಿಲ್ಲದ ಪೆಟ್ರೋಲ್ ಒಲೆಯ ಮೇಲೆ ಅಗಲ ಪಾತ್ರೆ ಇಟ್ಟರೆ ಕಾವು ಕೆಳಮುಖವಾಗಿ ಟ್ಯಾಂಕಿಗೆ ಬಡಿದು, ಮುಚ್ಚಳದ ಸುರಕ್ಷಾ ಕವಾಟ ತೆರೆದು ಅಲ್ಲಿಂದಲೇ ಬೆಂಕಿಯ ನಾಲಿಗೆ ಹೊರಡಬಹುದು. ಅದೂ ಅಲ್ಲದೆ ಈ ಒಲೆಗಳು ಬಯಸುವ ಶುದ್ಧ ಬಿಳಿ ಪೆಟ್ರೋಲು ನಮ್ಮಲ್ಲಿ ಸಿಗುವಂಥದ್ದಲ್ಲ. ಬಂಕಿನ ಪೆಟ್ರೋಲಿನಲ್ಲಿ ಈಗ ಎಥನಾಲ್ ಬೆರಕೆ. ಶೇ. 20 ಎಥನಾಲ್ ಇರುವ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಹಳೆಯ ರಬ್ಬರ್ ವಾಷರುಗಳಿಗೆ ಅದು ಒಳ್ಳೆಯದಲ್ಲ.

ಸೀಮೆಎಣ್ಣೆಯ ಏಳುಬೀಳು

ಪಡಿತರದ ಸೀಮೆಎಣ್ಣೆಗೆ ನೀಲಿ ಬಣ್ಣ ಬೆರೆಸುತ್ತಿದ್ದರು, ಕಾಳಸಂತೆಗೆ ಹೋದರೆ ಗುರುತು ಸಿಗಲೆಂದು. ನ್ಯಾಯಬೆಲೆ ಅಂಗಡಿಯ ಮುಂದೆ ಕ್ಯಾನು ಹಿಡಿದು ನಿಲ್ಲುವುದು ಎರಡು ತಲೆಮಾರಿನ ಹೆಂಗಸರ, ಮಕ್ಕಳ ಕೆಲಸವಾಗಿತ್ತು. ಕೊಟ್ಟ ಎಣ್ಣೆ ತಿಂಗಳಿಗೆ ಸಾಲದೆ ಬಂದದ್ದರಿಂದ ಕಡಿಮೆ ಕುಡಿಯುವ ಸ್ಟೌಗಳಿಗೆ ಬೇಡಿಕೆ ಹೆಚ್ಚಿತು. ಇಂಡಿಯನ್ ಆಯಿಲ್ ಕಂಪನಿಯ ಫರೀದಾಬಾದ್ ಸಂಶೋಧನಾ ಕೇಂದ್ರ 1970ರ ದಶಕದ ಕೊನೆಯಲ್ಲಿ ರೂಪಿಸಿದ ನೂತನ್ ಬತ್ತಿ ಸ್ಟೌ ಹೀಗೆ ಮನೆಮನೆಗೆ ಬಂತು. ಸದ್ದಿಲ್ಲ, ಪಂಪಿಲ್ಲ, ಹಚ್ಚಲು ತಾಳ್ಮೆ ಬೇಡ. ಪಂಪ್ ಸ್ಟೌ ಹಳೆಯದಾದದ್ದು ಅಡುಗೆ ಅನಿಲಕ್ಕಿಂತ ಮೊದಲು ಈ ಬತ್ತಿ ಸ್ಟೌಗಳ ಕೈಯಲ್ಲಿ. 2016ರ ಉಜ್ವಲ ಯೋಜನೆಯೂ ಅದರ ಬೆನ್ನಿಗೆ ಕರ್ನಾಟಕ ಸರ್ಕಾರದ ಅನಿಲಭಾಗ್ಯವೂ ಸಿಲಿಂಡರನ್ನು ಹಳ್ಳಿಗಳಿಗೆ ತಂದವು, ಪಡಿತರದ ಎಣ್ಣೆ ಕರಗುತ್ತ ಬಂತು. ಹಳೆಯ ನೂತನ್ ಹೆಸರನ್ನು ನೆನಪಿಸುವಂತೆ ಇಂಡಿಯನ್ ಆಯಿಲ್ ಕಂಪನಿಯ ಇಂದಿನ ಸೌರ ಒಲೆಗೆ ಸೂರ್ಯ ನೂತನ್ ಎಂದು ಹೆಸರಿಟ್ಟಿದ್ದಾರೆ.

ಈ ಒಲೆಗಳ ಚರಿತ್ರೆಯಲ್ಲಿ ಸಂಗ್ರಾಹಕರು ಬಿಟ್ಟುಬಿಡುವ ಒಂದು ಅಧ್ಯಾಯವಿದೆ. ಸ್ಟೌ ಸಿಡಿದು ಗೃಹಿಣಿ ಸಾವು ಎಂಬ ಒಂದು ಕಾಲಂ ಸುದ್ದಿ ದಶಕಗಳ ಕಾಲ ಕನ್ನಡ ಪತ್ರಿಕೆಗಳಲ್ಲಿ ಬಂತು. ಕೆಲವು ನಿಜವಾದ ಅವಘಡಗಳೇ: ಉರಿಯುತ್ತಿರುವಾಗಲೇ ಎಣ್ಣೆ ಸುರಿದದ್ದು, ಎಣ್ಣೆಗೆ ಪೆಟ್ರೋಲು ಬೆರಕೆಯಾದದ್ದು, ಬೆಸುಗೆ ಬಿಟ್ಟ ಟ್ಯಾಂಕಿ, ನೆಲದ ಮೇಲಿನ ಉರಿಗೆ ತಾಕಿದ ಸೀರೆಯ ಸೆರಗು. ಆದರೆ ಬೆಂಗಳೂರಿನ ವಿಮೋಚನಾ ಮಹಿಳಾ ಸಂಘಟನೆ 1990ರ ದಶಕದಲ್ಲಿ ಇಂಥ ಸಾವುಗಳ ಬೆನ್ನು ಹತ್ತಿದಾಗ, ಸ್ಟೌ ಸಿಡಿತವೆಂದು ದಾಖಲಾದ ಪ್ರಕರಣಗಳ ಹಿಂದೆ ವರದಕ್ಷಿಣೆ ಕಿರುಕುಳವೂ ಕೊಲೆಯೂ ಅಡಗಿರುವುದು ಬಯಲಿಗೆ ಬಂತು. ವರದಕ್ಷಿಣೆ ಸಾವನ್ನು ಪ್ರತ್ಯೇಕ ಅಪರಾಧವೆಂದು ದಂಡ ಸಂಹಿತೆಗೆ ಸೇರಿಸಿದ್ದು 1986ರಲ್ಲಿ. ಸಾಯುವುದು ಯಾವಾಗಲೂ ಸೊಸೆಯೇ ಏಕೆ, ಅದೇ ಒಲೆ ಹಚ್ಚುವ ಅತ್ತೆಗೆ ಅದು ಏಕೆ ಸಿಡಿಯುವುದಿಲ್ಲ ಎಂಬ ಪ್ರಶ್ನೆಗೆ ಯಂತ್ರಶಾಸ್ತ್ರದಲ್ಲಿ ಉತ್ತರವಿಲ್ಲ. ಹಳ್ಳಿಯ ಕೆಲವು ಮನೆಗಳಲ್ಲಿ ಹಳೆಯ ಸ್ಟೌ ಕೇಳಿದರೆ ಮುಖ ತಿರುಗಿಸುವುದಕ್ಕೆ ಇದೂ ಕಾರಣವಿರಬಹುದು. ಕೇಳುವವನು ಅಲ್ಲಿಗೆ ಬಿಡುವುದು ಮರ್ಯಾದೆ.

ಸಂಗ್ರಹ

ಹಿತ್ತಾಳೆ ತೂಕಕ್ಕೆ ಹೋಗುವ ಲೋಹ. ಬಹುಪಾಲು ಸ್ಟೌಗಳು ಗುಜರಿ ಸೇರಿ ಕರಗಿಹೋದದ್ದು ಅದರಿಂದಲೇ. ಉಳಿದವನ್ನು ಹುಡುಕಲು ತಾಲೂಕು ಕೇಂದ್ರಗಳ ಗುಜರಿ ಅಂಗಡಿ, ಹಳೆಯ ಪಾತ್ರೆ ಅಂಗಡಿಯ ಹಿಂದಿನ ಕೋಣೆ, ಬೆಂಗಳೂರಿನ ಸಂಡೆ ಬಜಾರು ಇವೇ ದಾರಿ. ಗುಜರಿಯವನು ಸ್ಟೌವನ್ನು ಒಡೆದು ಹಿತ್ತಾಳೆ ಬೇರೆ, ಕಬ್ಬಿಣ ಬೇರೆ ಮಾಡುವ ಮುನ್ನ ತಲುಪುವುದೇ ಇದರಲ್ಲಿನ ಜಾಣತನ. ಅವನಿಗೆ ಟ್ಯಾಂಕಿ ಬೆಲೆಯುಳ್ಳದ್ದು, ಮೂರು ಕಾಲಿನ ಮೇಲಿನ ಬಳೆ ಕಸ. ಸಂಗ್ರಾಹಕನಿಗೆ ಬಳೆ, ಬಿಲ್ಲೆ, ಪಂಪಿನ ಗುಂಡಿ ಇಲ್ಲದ ಸ್ಟೌ ಅರ್ಧ ಸ್ಟೌ.

ಕೊಳ್ಳುವ ಮೊದಲು ನೋಡಬೇಕಾದ್ದು ಟ್ಯಾಂಕಿಯ ಮೇಲಿನ ಅಚ್ಚು. ಸ್ವೀಡನ್ನಿನ ಸ್ಟೌಗಳಲ್ಲಿ ಕಂಪನಿಯ ಹೆಸರು, ನಂಬರು, ದೇಶ ಒತ್ತಿರುತ್ತವೆ. ಪ್ರೈಮಸ್ 1911ರಿಂದ ತಯಾರಿಕೆಯ ವರ್ಷ ಸೂಚಿಸುವ ಅಕ್ಷರ ಒತ್ತತೊಡಗಿತು, ಆ ವರ್ಷಕ್ಕೆ ಎ, ಮುಂದಿನ ವರ್ಷಕ್ಕೆ ಬಿ. ದೇಶೀ ಸ್ಟೌಗಳಲ್ಲಿ ವರ್ಷ ಇರುವುದು ಅಪರೂಪ. ಆದರೆ ಅವುಗಳಲ್ಲಿ ಸ್ವೀಡನ್ನಿನವಕ್ಕಿಲ್ಲದ ಒಂದು ಗುರುತು ಇರುತ್ತದೆ: ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು, ಇಂಥವರ ಮದುವೆಗೆ ಇಂಥವರ ಉಡುಗೊರೆ ಎಂದು, ತಾರೀಖಿನ ಸಮೇತ. ಸಂಗ್ರಹದ ದೃಷ್ಟಿಯಿಂದ ಅಂಥದೊಂದು ಸ್ಟೌ ಅಚ್ಚಳಿಯದ ಪ್ರೈಮಸ್ಸಿಗಿಂತ ಹೆಚ್ಚಿನದು. ಹೆಸರನ್ನು ಉಜ್ಜಿ ಅಳಿಸಿ ಮಾರುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಸೋರುವಿಕೆ ನೋಡಲು ಎಣ್ಣೆ ಹಾಕಬಾರದು. ಬರ್ನರಿನ ಬಾಯಿ ಮುಚ್ಚಿ, ನಾಲ್ಕು ಸಲ ಪಂಪು ಹೊಡೆದು, ಟ್ಯಾಂಕಿಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿದರೆ ಸೈಕಲ್ ಟ್ಯೂಬಿನ ಪಂಕ್ಚರಿನಂತೆ ಗುಳ್ಳೆ ಏಳುವ ಜಾಗ ತಿಳಿಯುತ್ತದೆ. ತಳದ ಅಂಚಿನಿಂದಲೋ ಹಿತ್ತಾಳೆಯ ಬಿರುಕಿನಿಂದಲೋ ಗುಳ್ಳೆ ಬಂದರೆ ಆ ಸ್ಟೌ ಕಪಾಟಿಗೆ ಮೀಸಲು, ಒತ್ತಡಕ್ಕೆ ಹಾಕುವಂತಿಲ್ಲ. ಪಂಪು ಹೊಡೆದರೂ ಕೈಗೆ ಬಿಗಿ ಸಿಗದಿದ್ದರೆ ಚರ್ಮದ ವಾಷರು ಒಣಗಿದೆ ಎಂದರ್ಥ. ಅದನ್ನು ಬಿಚ್ಚಿ ಒಂದು ರಾತ್ರಿ ಹರಳೆಣ್ಣೆಯಲ್ಲಿ ನೆನೆಸಿ, ಅಂಚನ್ನು ಬೆರಳಿನಿಂದ ಹೊರಕ್ಕೆ ಅಗಲಿಸಿ ಹಾಕಿದರೆ ಎಷ್ಟೋ ಸಲ ಜೀವ ಬರುತ್ತದೆ. ಪಂಪಿನ ಹಿಡಿ ತಾನಾಗಿ ಹೊರಕ್ಕೆ ಬಂದರೆ ತೊಂದರೆ ವಾಷರಿನದಲ್ಲ, ಕೊಳವೆಯ ತಳದ ಕವಾಟದ್ದು. ಅದರೊಳಗಿನ ಬೂಚು ಅಥವಾ ರಬ್ಬರಿನ ಬಿಲ್ಲೆ ಬದಲಿಸಬೇಕು.

ಉಜ್ಜುವುದರಲ್ಲಿ ಎರಡು ಪಕ್ಷಗಳಿವೆ. ಬಂಗಾರದಂತೆ ಹೊಳೆಯಬೇಕೆನ್ನುವವರು ಹುಣಸೆಹಣ್ಣು ಉಪ್ಪು ಹಚ್ಚುತ್ತಾರೆ. ಹುಳಿ ಬೇಗ ತೊಳೆದರೆ ಸರಿ, ಹೊತ್ತು ಬಿಟ್ಟರೆ ಮೇಲ್ಮೈಯ ಸತು ಕರಗಿ ತಾಮ್ರದ ಗುಲಾಬಿ ಕಲೆಗಳು ಉಳಿಯುತ್ತವೆ, ಅಚ್ಚೊತ್ತಿದ ಅಕ್ಷರಗಳೂ ಸವೆಯುತ್ತವೆ. ಜಿಡ್ಡು, ಮಸಿ ಮಾತ್ರ ತೆಗೆದು ಕಂದು ಬಣ್ಣವನ್ನು ಹಾಗೇ ಉಳಿಸುವುದು ಮೇಲು. ಬರ್ನರಿನೊಳಗೆ ಕಟ್ಟಿಕೊಂಡ ಇದ್ದಿಲಿಗೆ ಬೇರೆ ಉಪಾಯ ಬೇಕು: ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಪುಡಿಯಾಗಿ ಉದುರುತ್ತದೆ. ನಿಪ್ಪಲ್ಲನ್ನು ಮೊದಲೇ ಬಿಚ್ಚಿಟ್ಟಿರಬೇಕು.

ಉರಿಸಿ ನೋಡುವ ಆಸೆಯಿದ್ದರೆ ಜಾಗ ಆರಿಸಿಕೊಳ್ಳಬೇಕು. ನಂದಿಬೆಟ್ಟ, ಸ್ಕಂದಗಿರಿ, ಆವಲಬೆಟ್ಟಗಳಿಗೆ ವಾರದ ಕೊನೆಯಲ್ಲಿ ಬೆಂಗಳೂರಿನ ಚಾರಣಿಗರು ಬರುತ್ತಾರೆ. 1,478 ಮೀಟರ್ ಎತ್ತರದ ನಂದಿಯಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ, ಬೇಳೆ ಬೇಯಲು ಬೆಟ್ಟದ ಬುಡಕ್ಕಿಂತ ಹೆಚ್ಚು ಹೊತ್ತು ಬೇಕು. ಆದರೆ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯ ಪ್ರಕಾರ ಅಪರಾಧ, ಒಣಹುಲ್ಲಿನ ಬೇಸಿಗೆಯಲ್ಲಿ ಅಪಾಯ ಕೂಡ. ಮನೆಯ ಅಂಗಳ, ಹೊಲದ ಕಣ ಸಾಕು. ದೂರದಿಂದ ಕೊಂಡು ತರುವವರು ಇಂಧನ ಪೂರ್ತಿ ಬಸಿದು, ಮುಚ್ಚಳ ತೆರೆದು ಒಣಗಿಸಿ ತರಬೇಕು. ರೈಲಿನಲ್ಲಿ ಸೀಮೆಎಣ್ಣೆ, ಪೆಟ್ರೋಲು ಒಯ್ದರೆ 1989ರ ರೈಲ್ವೆ ಕಾಯಿದೆಯಂತೆ ಮೂರು ವರ್ಷದವರೆಗೆ ಸೆರೆ, ಒಂದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ವಿಮಾನದಲ್ಲಿ ಒಮ್ಮೆ ಇಂಧನ ಕಂಡ ಒಲೆಯನ್ನು ವಾಸನೆ ಹೋಗಲಾಡಿಸದೆ ಒಯ್ಯಲು ಬಿಡುವುದಿಲ್ಲ. ಎಣ್ಣೆಗೆ ಈಗ ಪಡಿತರವನ್ನು ನೆಚ್ಚುವಂತಿಲ್ಲ. ಮುಕ್ತ ಮಾರುಕಟ್ಟೆಯ ಬಿಳಿ ಸೀಮೆಎಣ್ಣೆಯನ್ನು ಕೊಳ್ಳಬೇಕು. ಅದು ದುಬಾರಿ, ಆದರೆ ನೀಲಿ ಎಣ್ಣೆಗಿಂತ ಕಡಿಮೆ ಮಸಿ ಕಟ್ಟುವುದರಿಂದ ಹಳೆಯ ನಿಪ್ಪಲ್ಲುಗಳಿಗೆ ಹಿತ.